ಬಣ್ಣ ಬಳಿದ ದಂಡೆ: ಕ್ಯಾಲಿಫೋರ್ನಿಯಾವನ್ನು ದ್ವೀಪವಾಗಿಸಿದ ಡಚ್ ನಕ್ಷೆಯ ಪ್ರಕರಣ

ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿ ಹ್ಯಾರಿಸ್ ಎಂಬ ಇತಿಹಾಸಕಾರ ಉಯಿಲು ಬರೆದು ಬಿಟ್ಟುಹೋದ ಹಳೆಯ ನಕ್ಷೆಗಳ ಸಂಗ್ರಹವಿದೆ. ಅದರಲ್ಲಿರುವ ಒಂದು ಹಾಳೆಯನ್ನು ಸುಮಾರು 1650ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯೋಹಾನೆಸ್ ವಿಂಗ್‌ಬೂನ್ಸ್ ಬರೆದ. ಅದು ಅಚ್ಚಾದ ನಕ್ಷೆಯಲ್ಲ. ಗೆರೆಗಳು ಶಾಯಿಯವು, ಬಣ್ಣ ಜಲವರ್ಣ, ಎಲ್ಲವೂ ಕೈಕೆಲಸ. ಹಾಳೆಯ ಬಲಕ್ಕೆ ಅಮೆರಿಕದ ಮುಖ್ಯಭೂಮಿ, ಎಡಕ್ಕೆ ಶಾಂತಸಾಗರ, ನಡುವೆ ಮೇಲಿನಿಂದ ಕೆಳಕ್ಕೆ ಕಿರಿದಾಗುತ್ತ ಬರುವ ಉದ್ದನೆಯ ಒಂದು ದ್ವೀಪ. ಆ ದ್ವೀಪವೇ ಕ್ಯಾಲಿಫೋರ್ನಿಯಾ.

ಗ್ರಂಥಾಲಯ ಈ ನಕ್ಷೆಯ ಬಿಂಬವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ನಾನು ಅದನ್ನು ಎಷ್ಟು ಸಲ ದೊಡ್ಡದು ಮಾಡಿ ನೋಡಿದ್ದೇನೋ ಲೆಕ್ಕವಿಲ್ಲ. ನೋಡಿದಷ್ಟೂ ಒಂದೇ ವಿಷಯ ನನ್ನನ್ನು ಹಿಡಿದು ನಿಲ್ಲಿಸುತ್ತದೆ: ಈ ದಂಡೆಯನ್ನು ಬರೆದ ಕೈಗೆ ಯಾವ ಅನುಮಾನವೂ ಇರಲಿಲ್ಲ. ಇಲ್ಲದ ಒಂದು ಸಮುದ್ರವನ್ನು ಇರುವ ಸಮುದ್ರದಷ್ಟೇ ಅಕ್ಕರೆಯಿಂದ ಬರೆಯಲಾಗಿದೆ. ಅಂಥ ನಿಶ್ಚಯ ಎಲ್ಲಿಂದ ಬಂತು, ಯಾರ ಕೈಯಿಂದ ಯಾರ ಕೈಗೆ ದಾಟಿತು ಎಂಬುದು ಈ ಪ್ರಕರಣದ ವಿಷಯ.

ಗೊತ್ತಿದ್ದದ್ದು ಕಳೆದುಹೋದ ಬಗೆ

ಕ್ಯಾಲಿಫೋರ್ನಿಯಾ ಎಂಬ ಹೆಸರು ಹುಟ್ಟಿದ್ದೇ ದ್ವೀಪವಾಗಿ, ಅದೂ ಕಥೆಯಲ್ಲಿ. ಸ್ಪೇನಿನ ಗಾರ್ಸಿ ರೊಡ್ರಿಗೆಸ್ ದೆ ಮೊಂತಾಲ್ವೊ ಬರೆದು 1510ರಲ್ಲಿ ಅಚ್ಚಾದ ಸಾಹಸಕಥೆಯೊಂದರಲ್ಲಿ ಇಂಡೀಸಿನ ಬಲಗಡೆ, ಭೂಸ್ವರ್ಗಕ್ಕೆ ತೀರ ಹತ್ತಿರದಲ್ಲಿ, ಹೆಂಗಸರಷ್ಟೇ ವಾಸಿಸುವ ಚಿನ್ನದ ದ್ವೀಪವಿದೆ. ಅದರ ರಾಣಿ ಕಾಲಾಫಿಯಾ. ಕೆಲವು ವರ್ಷಗಳ ನಂತರ ಮೆಕ್ಸಿಕೊ ಗೆದ್ದ ಸ್ಪೇನಿನವರು ಪಶ್ಚಿಮಕ್ಕೆ ಹಡಗು ಬಿಟ್ಟಾಗ ಬಂಜರು ನೆಲವೊಂದು, ಈಗಿನ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾ, ಎದುರಾಯಿತು. 1535ರ ಮೇ ತಿಂಗಳಲ್ಲಿ ಅರ್ನಾನ್ ಕೋರ್ತೆಸ್ ತಾನೇ ಅಲ್ಲಿ ಇಳಿದ. ಕಥೆಯ ಹೆಸರು ನೆಲಕ್ಕೆ ಅಂಟಿಕೊಂಡಿತು.

ಆದರೆ ಕಥೆಯೇ ತಪ್ಪಿಗೆ ಕಾರಣ ಎನ್ನುವ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಏಕೆಂದರೆ ನಾಲ್ಕೇ ವರ್ಷಗಳಲ್ಲಿ ಸತ್ಯ ಹೊರಬಿದ್ದಿತ್ತು. 1539ರಲ್ಲಿ ಕೋರ್ತೆಸ್ ಕಳಿಸಿದ ಫ್ರಾನ್ಸಿಸ್ಕೊ ದೆ ಉಲ್ಲೊವಾ ಆ ನೆಲಕ್ಕೂ ಮುಖ್ಯಭೂಮಿಗೂ ನಡುವಿನ ಕೊಲ್ಲಿಯೊಳಗೆ ಉತ್ತರಕ್ಕೆ ಸಾಗಿ ಅದರ ತುದಿಯವರೆಗೂ ಹೋದ. ಅಲ್ಲಿ ನೀರು ಕೆಂಪಾಗಿತ್ತು. ಕೊಲೊರಾಡೊ ನದಿ ಮರುಭೂಮಿಯಿಂದ ಹೊತ್ತು ತಂದ ಕೆಂಪು ಮಣ್ಣು ಅದು. ಆ ಕೊಲ್ಲಿಗೆ ಅವನು 'ಕೆಂಗಡಲು' ಎಂದೇ ಹೆಸರಿಟ್ಟ. ತುದಿಯಲ್ಲಿ ದಾರಿ ಇರಲಿಲ್ಲ, ಬರೀ ಕೆಸರು ಮತ್ತು ತಗ್ಗಿನ ಮರಳು. ಅವನು ಹಿಂದಿರುಗಿ ದಕ್ಷಿಣದ ಭೂಶಿರವನ್ನು ಬಳಸಿ ಹೊರಗಿನ ಕರಾವಳಿಯನ್ನೂ ಸ್ವಲ್ಪ ದೂರ ನೋಡಿದ. ಮರುವರ್ಷ ಅರ್ನಾಂದೊ ದೆ ಅಲಾರ್ಕೊನ್ ಅದೇ ತುದಿಯಿಂದ ದೋಣಿಗಳಲ್ಲಿ ಕೊಲೊರಾಡೊ ನದಿಯೊಳಗೆ ಮೇಲಕ್ಕೆ ಹೋದ. 1541ರಲ್ಲಿ ದೊಮಿಂಗೊ ದೆಲ್ ಕಸ್ತಿಯ್ಯೊ ಬರೆದ ನಕ್ಷೆಯಲ್ಲಿ ಕ್ಯಾಲಿಫೋರ್ನಿಯಾ ಮುಖ್ಯಭೂಮಿಗೆ ಸೇರಿಕೊಂಡ ಪರ್ಯಾಯ ದ್ವೀಪವಾಗಿಯೇ ಇದೆ. 1569ರ ಮರ್ಕೇಟರ್ ನಕ್ಷೆಯಲ್ಲಿ, 1570ರ ಒರ್ಟೆಲಿಯಸ್ ಅಟ್ಲಾಸಿನಲ್ಲಿ ಕೂಡ ಹಾಗೆಯೇ.

ಅಂದರೆ ಹದಿನಾರನೆಯ ಶತಮಾನದ ಯುರೋಪಿಗೆ ಸರಿಯಾದ ಉತ್ತರ ಗೊತ್ತಿತ್ತು, ಅಚ್ಚೂ ಆಗಿತ್ತು. ಹದಿನೇಳನೆಯ ಶತಮಾನ ಅದನ್ನು ಕಳೆದುಕೊಂಡಿತು. ಅಜ್ಞಾನ ನಿಧಾನವಾಗಿ ಕರಗಿ ಜ್ಞಾನವಾಗುತ್ತದೆ ಎಂದು ನಾವು ಶಾಲೆಯಲ್ಲಿ ಓದಿದ ಭೂಗೋಳದ ಚರಿತ್ರೆ ಈ ಹಾಳೆಯ ಮುಂದೆ ತಲೆಕೆಳಗಾಗುತ್ತದೆ.

ಪಾದ್ರಿಯ ಮಾತು

1602ರ ಮೇ ತಿಂಗಳಲ್ಲಿ ಸೆಬಾಸ್ತಿಯಾನ್ ವಿಸ್ಕಾಯಿನೊ ಅಕಾಪುಲ್ಕೊದಿಂದ ಹೊರಟು ಹೊರಕರಾವಳಿಯ ಉದ್ದಕ್ಕೂ ಉತ್ತರಕ್ಕೆ ಸಾಗಿದ. ಸಾನ್ ಡಿಯಾಗೊ, ಸಾಂತಾ ಬಾರ್ಬರಾ, ಮೊಂತೆರೇ ಎಂಬ ಹೆಸರುಗಳು ಆ ಪ್ರಯಾಣದಿಂದ ಬಂದವು. ಅವನ ಜೊತೆಗೆ ಅಂತೋನಿಯೊ ದೆ ಲಾ ಅಸೆನ್ಸಿಯೊನ್ ಎಂಬ ಕಾರ್ಮೆಲ್ ಸಭೆಯ ಪಾದ್ರಿಯೂ ಇದ್ದ. ನಕ್ಷೆ ಬರೆಯುವ ವಿದ್ಯೆ ಬಲ್ಲವನು. ದಂಡಿನ ಪುಟ್ಟ ಹಡಗೊಂದು 1603ರ ಜನವರಿಯಲ್ಲಿ ಮಾರ್ತಿನ್ ದೆ ಅಗಿಲಾರ್ ಎಂಬವನ ಕೈಯಲ್ಲಿ ಸುಮಾರು 43 ಡಿಗ್ರಿ ಅಕ್ಷಾಂಶದವರೆಗೆ ಹೋಗಿ ಅಲ್ಲಿ ದೊಡ್ಡ ಅಳಿವೆಯೊಂದನ್ನು ಕಂಡಿತು. ಸೆಳೆತ ಜೋರಾಗಿದ್ದುದರಿಂದ ಒಳಗೆ ಹೋಗಲು ಆಗಲಿಲ್ಲ.

ನದಿಯೊಂದು ಕಡಲು ಸೇರುವ ಜಾಗ ಅದು, ಅಷ್ಟೇ. ಪಾದ್ರಿ ಅದನ್ನು ಬೇರೆಯೇ ರೀತಿ ಓದಿದ. ಇದು ನದಿಯಲ್ಲ, ಜಲಸಂಧಿಯ ಬಾಯಿ. ದಕ್ಷಿಣದ ಕೊಲ್ಲಿ ಇಲ್ಲಿಯವರೆಗೂ ಬಂದು ತೆರೆದುಕೊಳ್ಳುತ್ತದೆ. ನಡುವಿನ ನೆಲವೆಲ್ಲ ದ್ವೀಪ. 1605ರಲ್ಲಿ ಹ್ವಾನ್ ದೆ ಓನ್ಯಾತೆ ಒಳನಾಡಿನಿಂದ ಕೊಲೊರಾಡೊ ನದಿಯ ಮುಖಕ್ಕೆ ಬಂದು, ಕೊಲ್ಲಿ ಇನ್ನೂ ಮುಂದಕ್ಕೆ ತಿರುಗಿ ಹೋಗುತ್ತದೆ ಎಂಬ ಭಾವನೆಯಿಂದ ಹಿಂದಿರುಗಿದ್ದೂ ಈ ಊಹೆಗೆ ಬಲ ಕೊಟ್ಟಿತು. 1620ರ ತನ್ನ ವರದಿಯಲ್ಲಿ ಪಾದ್ರಿ ಕ್ಯಾಲಿಫೋರ್ನಿಯಾ ದ್ವೀಪವೆಂದೇ ಬರೆದ.

ಹೊನ್ನಾವರದಲ್ಲಿ ಶರಾವತಿಯ ಅಳಿವೆಯ ಬಳಿ ಭರತದ ಹೊತ್ತಿನಲ್ಲಿ ನಿಂತವರಿಗೆ ಈ ತಪ್ಪು ಅರ್ಥವಾಗುತ್ತದೆ. ಕಡಲು ಯಾವುದು, ಹೊಳೆ ಯಾವುದು, ನೀರು ಒಳಗೆ ಬರುತ್ತಿದೆಯೋ ಹೊರಗೆ ಹೋಗುತ್ತಿದೆಯೋ ಎಂದು ಕಣ್ಣು ತಬ್ಬಿಬ್ಬಾಗುತ್ತದೆ. ಕ್ಯಾಲಿಫೋರ್ನಿಯಾ ಕೊಲ್ಲಿಯ ಉತ್ತರ ತುದಿಯಲ್ಲಂತೂ ಭರತ–ಇಳಿತಗಳ ನಡುವಿನ ಅಂತರ ಏಳು ಮೀಟರನ್ನೂ ಮೀರುತ್ತದೆ. ಇಳಿತದಲ್ಲಿ ಕಾಣುವ ಕೆಸರು ಬಯಲು ಭರತದಲ್ಲಿ ಸಮುದ್ರವಾಗಿಬಿಡುತ್ತದೆ. ಅಂಥ ಕಡೆ ದಂಡೆ ಎಲ್ಲಿ ಎಂದು ಕೇಳಿದರೆ ಬೆಳಿಗ್ಗೆ ಒಂದು ಉತ್ತರ, ಮಧ್ಯಾಹ್ನ ಇನ್ನೊಂದು. ಹಾಗಾಗಿ ಪಾದ್ರಿಯನ್ನು ಸುಳ್ಳುಗಾರ ಎನ್ನಲು ನನಗೆ ಮನಸ್ಸಿಲ್ಲ. ಅವನು ಎರಡು ಅಳಿವೆಗಳನ್ನು ಕೇಳಿ ತಿಳಿದು, ನಡುವಿನ ನೂರಾರು ಹರದಾರಿಗಳನ್ನು ತನ್ನ ಆಸೆಯಿಂದ ತುಂಬಿದ.

ಆಮ್‌ಸ್ಟರ್‌ಡ್ಯಾಮಿನ ಕೈಗಳು

ಇಲ್ಲಿಂದ ಪ್ರಕರಣ ಹಾಲೆಂಡಿಗೆ ಬರುತ್ತದೆ. ಸ್ಪೇನ್ ತನ್ನ ಕಡಲ ನಕ್ಷೆಗಳನ್ನು ಗುಟ್ಟಾಗಿ ಇಡುತ್ತಿತ್ತು. ಡಚ್ಚರು ಸ್ಪೇನಿನ ಎದುರು ದಶಕಗಳಿಂದ ಯುದ್ಧದಲ್ಲಿದ್ದವರು. ಅವರು ವಶಪಡಿಸಿಕೊಂಡ ಒಂದು ಸ್ಪ್ಯಾನಿಷ್ ನಕ್ಷೆಯಲ್ಲಿ ಕ್ಯಾಲಿಫೋರ್ನಿಯಾ ದ್ವೀಪವಾಗಿ ಕಂಡಿತು. 1622ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮಿಖಿಲ್ ಕೊಲೈನ್ ಹೊರತಂದ ಪುಸ್ತಕವೊಂದರ ಮುಖಪುಟದ ಪುಟ್ಟ ಚಿತ್ರದಲ್ಲಿ ಆ ದ್ವೀಪ ಮೊದಲ ಸಲ ಅಚ್ಚಾಯಿತು. 1624ರಲ್ಲಿ ಅಬ್ರಹಾಂ ಹೋಸ್ ಅದನ್ನು ಅಚ್ಚಿನ ತಾಮ್ರದ ತಗಡಿನಲ್ಲಿ ಕೊರೆದ. 1625ರಲ್ಲಿ ಲಂಡನ್ನಿನಲ್ಲಿ ಗಣಿತಜ್ಞ ಹೆನ್ರಿ ಬ್ರಿಗ್ಸ್ ಉತ್ತರ ಅಮೆರಿಕದ ನಕ್ಷೆ ಪ್ರಕಟಿಸಿದ. ಲಾಗರಿದಮ್ ಕೋಷ್ಟಕಗಳಿಂದ ಹೆಸರಾದ ಬ್ರಿಗ್ಸ್ ಇವನೇ. ನಕ್ಷೆಯ ಮೇಲೇ ಅವನು ಕಾರಣವನ್ನೂ ಬರೆದ: ಕ್ಯಾಲಿಫೋರ್ನಿಯಾ ಖಂಡದ ಭಾಗವೆಂದು ಹಿಂದೆ ಭಾವಿಸಿದ್ದರು; ಹಾಲೆಂಡಿನವರು ಹಿಡಿದ ಸ್ಪ್ಯಾನಿಷ್ ನಕ್ಷೆಯಿಂದ ಅದು ದೊಡ್ಡ ದ್ವೀಪವೆಂದು ತಿಳಿದುಬಂದಿದೆ; ಅದರ ಪಶ್ಚಿಮ ದಂಡೆಯ ಉದ್ದ ಸುಮಾರು 500 ಲೀಗ್.

ಈ ಟಿಪ್ಪಣಿ ಇಡೀ ಪ್ರಕರಣದ ಕೀಲಿ ಎಂದು ನನ್ನ ತೀರ್ಮಾನ. ಉಲ್ಲೊವಾನ ಪ್ರಯಾಣದ ವಿವರ ಯಾರು ಬೇಕಾದರೂ ಓದಬಹುದಾದ ಪುಸ್ತಕಗಳಲ್ಲಿತ್ತು, ಆದ್ದರಿಂದ ಹಳತಾಗಿತ್ತು. ಹಿಡಿದು ತಂದ ನಕ್ಷೆ ಶತ್ರುವಿನ ಗುಟ್ಟು. ಮುಚ್ಚಿಟ್ಟಿದ್ದಾರೆ ಎಂದರೆ ಅದು ನಿಜವೇ ಇರಬೇಕು ಎಂದು ಬುದ್ಧಿವಂತರೂ ನಂಬಿದರು. ಲಾಗರಿದಮ್ಮಿನ ಲೆಕ್ಕದಲ್ಲಿ ಒಂದು ಅಂಕಿ ತಪ್ಪಲು ಬಿಡದ ಮನುಷ್ಯ ಇಡೀ ಸಮುದ್ರವೊಂದನ್ನು ಪರೀಕ್ಷಿಸದೆ ಒಪ್ಪಿಕೊಂಡ.

ಆ ಕಾಲದ ಆಮ್‌ಸ್ಟರ್‌ಡ್ಯಾಮ್ ನಕ್ಷೆಗಳ ಪೇಟೆಯಾಗಿತ್ತು. 1637ರಲ್ಲಿ ಬ್ಲೌ ಮನೆತನ ಬ್ಲೂಮ್‌ಖ್ರಾಖ್ಟ್ ಕಾಲುವೆಯ ದಂಡೆಯಲ್ಲಿ ತೆರೆದ ಮುದ್ರಣಾಲಯದಲ್ಲಿ ಅಕ್ಷರ ಮುದ್ರಣಕ್ಕೆ ಒಂಬತ್ತು ಯಂತ್ರಗಳಿದ್ದವು. ಅವಕ್ಕೆ ಒಂಬತ್ತು ಗ್ರೀಕ್ ಕಲಾದೇವಿಯರ ಹೆಸರಿಟ್ಟಿದ್ದರು. ತಾಮ್ರದ ತಗಡಿನಿಂದ ನಕ್ಷೆ ಅಚ್ಚಿಸುವ ಯಂತ್ರಗಳು ಬೇರೆ ಆರು. ಸ್ವಾರಸ್ಯವೆಂದರೆ, ವಿಲ್ಲೆಮ್ ಬ್ಲೌ 1617ರಲ್ಲಿ ಹೊರತಂದಿದ್ದ ಅಮೆರಿಕ ನಕ್ಷೆಯಲ್ಲಿ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪವೇ. ಆ ತಗಡು ದಶಕಗಳ ಕಾಲ ಅಟ್ಲಾಸುಗಳಿಗೆ ಅಚ್ಚಾಗುತ್ತಲೇ ಇತ್ತು. ಅದೇ ಊರಿನಲ್ಲಿ 1636ರಿಂದ ಹೆನ್ರಿಕಸ್ ಹೊಂಡಿಯಸ್‌ನ ಉತ್ತರ ಅಮೆರಿಕ ನಕ್ಷೆ ದ್ವೀಪವನ್ನು ಮಾರುತ್ತಿತ್ತು. ಒಂದೇ ಪೇಟೆ, ಎರಡು ಕ್ಯಾಲಿಫೋರ್ನಿಯಾ.

ತಾಮ್ರದ ತಗಡಿನಲ್ಲಿ ಒಂದು ಗೆರೆಯನ್ನು ತಿದ್ದುವುದು ಸುಲಭವಲ್ಲ. ಹಿಂಬದಿಯಿಂದ ಸುತ್ತಿಗೆಯಲ್ಲಿ ಬಡಿದು ಗುಳಿಯನ್ನು ಮೇಲೆತ್ತಬೇಕು, ಉಜ್ಜಿ ನುಣುಪು ಮಾಡಬೇಕು, ಮತ್ತೆ ಕೊರೆಯಬೇಕು. ಒಬ್ಬ ಕೊರೆದದ್ದನ್ನು ಇನ್ನೊಬ್ಬ ನೋಡಿ ಕೊರೆಯುವುದು ವಾಡಿಕೆ. ಹೀಗೆ ಒಮ್ಮೆ ತಗಡಿಗೆ ಇಳಿದ ದ್ವೀಪಕ್ಕೆ ಆಯುಷ್ಯ ಹೆಚ್ಚು.

ಅಚ್ಚಾದ ಹಾಳೆ ಆಮೇಲೆ ಬಣ್ಣದವರ ಕೈಗೆ ಹೋಗುತ್ತಿತ್ತು. ಡಚ್ಚರಲ್ಲಿ ಅವರಿಗೆ 'ಅಫ್‌ಸೆಟ್ಟರ್' ಎನ್ನುತ್ತಾರೆ. ಅವರಲ್ಲಿ ದಿರ್ಕ್ ಯಾನ್ಸ್ ಫಾನ್ ಸಾಂಟೆನ್‌ನಂಥವರು ತಮ್ಮ ಹೆಸರಿನಿಂದಲೇ ನಕ್ಷೆಯ ಬೆಲೆ ಏರಿಸುವಷ್ಟು ಪ್ರಸಿದ್ಧರಾದರು. ಅವರು ಬಳಸಿದ ಹಸಿರುಗಳಲ್ಲಿ ಒಂದು ತಾಮ್ರದ ಕಿಲುಬಿನಿಂದ ಮಾಡಿದ್ದು. ಹಳೆಯ ನಕ್ಷೆಯನ್ನು ತಿರುಗಿಸಿ ನೋಡಿದರೆ ಆ ಹಸಿರು ಇದ್ದ ಜಾಗದಲ್ಲಿ ಕಾಗದದ ಹಿಂಬದಿ ಕಂದಾಗಿರುತ್ತದೆ, ಕೆಲವು ಕಡೆ ಬಿರುಕು ಬಿಟ್ಟಿರುತ್ತದೆ. ಕಿಲುಬು ಕಾಗದವನ್ನು ತಿನ್ನುತ್ತದೆ. ಹಳೆಯ ನಕ್ಷೆ ಕೊಳ್ಳುವವರು ಬಣ್ಣ ಆ ಕಾಲದ್ದೋ ಇತ್ತೀಚೆಗೆ ಹಚ್ಚಿದ್ದೋ ಎಂದು ತಿಳಿಯಲು ಮೊದಲು ಹಿಂಬದಿಯನ್ನು ನೋಡುವುದು ಇದಕ್ಕೇ.

ಬಣ್ಣದ ಈ ಕೆಲಸವೇ ತಪ್ಪನ್ನು ಗಟ್ಟಿ ಮಾಡಿತು ಎಂಬುದು ನನ್ನ ವಾದ. ಶಾಯಿಗೆ ಅನುಮಾನ ಹೇಳುವ ದಾರಿಗಳಿವೆ. ಗೆರೆಯನ್ನು ಚುಕ್ಕಿ ಚುಕ್ಕಿಯಾಗಿ ಬಿಡಬಹುದು, ಅರ್ಧಕ್ಕೆ ನಿಲ್ಲಿಸಬಹುದು, ಪಕ್ಕದಲ್ಲಿ ಒಂದು ಮಾತು ಬರೆಯಬಹುದು. ಬ್ರಿಗ್ಸ್ ಬರೆದದ್ದು ಅಂಥದೇ ಒಂದು ಮಾತು. ಅವನ ನಕ್ಷೆ ನೋಡಿದವನಿಗೆ ಇದರ ಆಧಾರ ಇಷ್ಟೇ ಎಂದು ಗೊತ್ತಾಗುತ್ತಿತ್ತು. ಕುಂಚಕ್ಕೆ ಆ ಸೌಕರ್ಯವಿಲ್ಲ. ದಂಡೆಯ ಉದ್ದಕ್ಕೂ ಒಂದು ಬಣ್ಣದ ಅಂಚು ಎಳೆದರೆ ಅದು ಎಲ್ಲೋ ಹೋಗಿ ಮುಗಿಯಬೇಕು. ಮುಗಿಯಲು ಸುಲಭವಾದ ಜಾಗವೆಂದರೆ ಶುರುವಾದ ಜಾಗವೇ. ನೆಲದ ಸುತ್ತ ಬಣ್ಣ ಕೂಡಿಕೊಂಡ ಕ್ಷಣದಲ್ಲಿ ಊಹೆ ದ್ವೀಪವಾಗುತ್ತದೆ. ಪಕ್ಕದ ಟಿಪ್ಪಣಿಯನ್ನು ಓದುವವರು ಯಾರು? ಕಣ್ಣು ಬಣ್ಣವನ್ನೇ ನಂಬುತ್ತದೆ.

ವಿಂಗ್‌ಬೂನ್ಸ್‌ನ ಹಾಳೆಯಲ್ಲಿ ಈ ಕೆಲಸ ಪೂರ್ತಿಯಾಗಿ ಒಂದೇ ಮನೆಯಲ್ಲಿ ನಡೆದಿದೆ. ಅವನು ಚಿತ್ರಕಾರ ದಾವಿದ್ ವಿಂಕ್‌ಬೂನ್ಸ್‌ನ ಮಗ. ಅಣ್ಣತಮ್ಮಂದಿರಲ್ಲಿ ಫಿಲಿಪ್ಸ್ ಮತ್ತು ಯುಸ್ಟಸ್ ವಾಸ್ತುಶಿಲ್ಪಿಗಳು. ಬ್ಲೌ ಮನೆತನಕ್ಕೆ, ಡಚ್ ಈಸ್ಟ್ ಇಂಡಿಯಾ ಮತ್ತು ವೆಸ್ಟ್ ಇಂಡಿಯಾ ಕಂಪನಿಗಳಿಗೆ ಅವನು ನಕ್ಷೆ, ಬಂದರುಗಳ ಚಿತ್ರ ಬರೆದುಕೊಡುತ್ತಿದ್ದ. ಅವನು ಬರೆದ ಹಾಳೆಗಳ ಸಂಪುಟಗಳನ್ನು ಸ್ವೀಡನ್ನಿನ ರಾಣಿ ಕ್ರಿಸ್ಟೀನಾ ಕೊಂಡಳು. ಅವು ಈಗ ವ್ಯಾಟಿಕನ್ ಗ್ರಂಥಾಲಯದಲ್ಲಿವೆ. ಹಡಗಿನವರು ತಂದ ಕರಡುಗಳನ್ನು ಮುಂದಿಟ್ಟುಕೊಂಡು ದೂರದ ದಂಡೆಗಳನ್ನು ಕಣ್ಣಿಗೆ ಕಟ್ಟುವಂತೆ ಬರೆಯುವುದು ಅವನ ಕಸುಬು. ಅಷ್ಟು ಒಳ್ಳೆಯ ಕುಂಚ ಅವನದಲ್ಲದೆ ಇದ್ದಿದ್ದರೆ, ಕರಡಿನ ಒರಟುತನ ಸ್ವಲ್ಪವಾದರೂ ಹಾಳೆಯಲ್ಲಿ ಉಳಿದು ಎಚ್ಚರಿಸುತ್ತಿತ್ತೋ ಏನೋ ಎಂದು ಆ ನಕ್ಷೆ ನೋಡುವಾಗಲೆಲ್ಲ ನನಗೆ ಅನ್ನಿಸುತ್ತದೆ. ಅವನ ನೈಪುಣ್ಯದ ಮೇಲಿನ ಗೌರವದಿಂದಲೇ ಇದನ್ನು ಹೇಳುತ್ತಿದ್ದೇನೆ.

ನಕ್ಷೆಗಳ ಹಟ

ಆಮೇಲೆ ದ್ವೀಪ ಎಲ್ಲೆಡೆ ಹಬ್ಬಿತು. ಬ್ರಿಗ್ಸ್ ಮಾದರಿಯಲ್ಲಿ ದ್ವೀಪದ ಉತ್ತರ ತುದಿ ನೇರವಾಗಿ ಕತ್ತರಿಸಿದಂತಿತ್ತು. 1650ರ ದಶಕದಲ್ಲಿ ಫ್ರಾನ್ಸಿನ ನಿಕೊಲಾ ಸಾನ್ಸೊನ್ ಅದೇ ತುದಿಗೆ ಖಾರಿಗಳನ್ನೂ ಮೂಲೆಗಳನ್ನೂ ಜೋಡಿಸಿದ. ಇಲ್ಲದ ನೆಲಕ್ಕೆ ಇನ್ನಷ್ಟು ವಿವರ! ಯಾರೂ ಕಾಣದ ದಂಡೆ ಮೊದಲಿಗಿಂತ ಹೆಚ್ಚು ನಂಬುವಂತಾಯಿತು. ಬ್ರಿಟಿಷ್ ವಿದ್ವಾಂಸ ಆರ್.ವಿ. ಟೂಲಿ 1964ರಲ್ಲಿ ಇಂಥ ನೂರು ನಕ್ಷೆಗಳನ್ನು ವರ್ಗ ಮಾಡಿ ಪಟ್ಟಿ ಕೊಟ್ಟ. ಗ್ಲೆನ್ ಮೆಕ್‌ಲಾಫ್ಲಿನ್ 1971ರಲ್ಲಿ ಲಂಡನ್ನಿನಲ್ಲಿ ಒಂದು ನಕ್ಷೆ ಕೊಂಡು ಆರಂಭಿಸಿದ ಸಂಗ್ರಹ 700ನ್ನೂ ಮೀರಿ ಬೆಳೆದು 2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿತು. ಆ ಎಲ್ಲ ನಕ್ಷೆಗಳಲ್ಲೂ ಕ್ಯಾಲಿಫೋರ್ನಿಯಾ ದ್ವೀಪವೇ.

ಹಟ ಎಷ್ಟಿತ್ತೆಂದರೆ, ಹದಿನೆಂಟನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಹರ್ಮನ್ ಮೋಲ್, ದ್ವೀಪವನ್ನು ಸುತ್ತಿ ಬಂದ ನಾವಿಕರು ತನ್ನ ಕಚೇರಿಗೇ ಬಂದಿದ್ದರೆಂದು ಸಾಧಿಸಿದ. ಪ್ಯಾರಿಸ್ಸಿನ ಗಿಯೋಮ್ ದೆಲಿಲ್ 1700ರಲ್ಲೇ ದ್ವೀಪವನ್ನು ಕೈಬಿಟ್ಟಿದ್ದರೂ ಉಳಿದವರು ಬಿಡಲಿಲ್ಲ. 1746ರಲ್ಲಿ ಕ್ರೊವೇಷ್ಯಾ ಮೂಲದ ಜೆಸ್ಯೂಟ್ ಪಾದ್ರಿ ಕೊನ್ಸಾಗ್ ತೆರೆದ ದೋಣಿಗಳಲ್ಲಿ ಕೊಲ್ಲಿಯ ತುದಿಯವರೆಗೆ ದಂಡೆ ಹಿಡಿದೇ ಹೋಗಿ, ದಾರಿ ಇಲ್ಲವೆಂದು ಮತ್ತೊಮ್ಮೆ ಕಂಡು ಬಂದ. ಮರುವರ್ಷ, 1747ರಲ್ಲಿ, ಸ್ಪೇನಿನ ದೊರೆ ಆರನೇ ಫರ್ಡಿನಾಂಡ್ ಕ್ಯಾಲಿಫೋರ್ನಿಯಾ ದ್ವೀಪವಲ್ಲ ಎಂದು ಆಜ್ಞೆ ಹೊರಡಿಸಬೇಕಾಯಿತು. ಉಲ್ಲೊವಾ ಅದೇ ಕೆಸರಿನಿಂದ ಹಿಂದಿರುಗಿ ಆಗ 208 ವರ್ಷಗಳಾಗಿದ್ದವು.

ಚಿಪ್ಪಿನ ಸಾಕ್ಷಿ

ಆ ಆಜ್ಞೆಗೂ ಬಹಳ ಮೊದಲೇ ಒಬ್ಬ ಮನುಷ್ಯ ಈ ಪ್ರಶ್ನೆಯನ್ನು ಕಾಲ್ನಡಿಗೆ ಮತ್ತು ಕುದುರೆಯ ಮೇಲೆ ಹೋಗಿ ಬಿಡಿಸಿದ್ದ. ಅವನು ಉತ್ತರ ಇಟಲಿಯಲ್ಲಿ 1645ರಲ್ಲಿ ಹುಟ್ಟಿದ ಜೆಸ್ಯೂಟ್ ಪಾದ್ರಿ ಎವುಸೇಬಿಯೊ ಕೀನೊ. ಓದುವಾಗ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪವೆಂದೇ ಕಲಿತವನು ಮೆಕ್ಸಿಕೊಕ್ಕೆ ಬಂದ ಮೇಲೆ ಸುತ್ತಲಿನವರ ಮಾತು ಕೇಳಿ ದ್ವೀಪವೆಂದು ನಂಬಿದ, 1690ರ ದಶಕದ ತನ್ನ ನಕ್ಷೆಯಲ್ಲಿ ಹಾಗೆಯೇ ಬರೆದ. ತಾನೇ ಬರೆದದ್ದನ್ನು ತಾನೇ ಅಳಿಸಿದ ಈ ಮನುಷ್ಯನ ಬಗ್ಗೆ ನನಗೆ ಅಪಾರ ಪ್ರೀತಿ.

1685ರಲ್ಲಿ ಕೀನೊ ಕ್ಯಾಲಿಫೋರ್ನಿಯಾವನ್ನು ಅಡ್ಡಕ್ಕೆ ದಾಟಿ ಹೊರಕಡಲಿನ ದಂಡೆಗೆ ಹೋಗಿದ್ದಾಗ ಅಲ್ಲಿ ನೀಲಿ ಮಿನುಗಿನ ದೊಡ್ಡ ಚಿಪ್ಪುಗಳನ್ನು ಕಂಡಿದ್ದ. ಒಳಗಿನ ಕೊಲ್ಲಿಯಲ್ಲಿ ಅಂಥವು ಸಿಗುತ್ತಿರಲಿಲ್ಲ. ಹದಿನಾಲ್ಕು ವರ್ಷಗಳ ನಂತರ, 1699ರಲ್ಲಿ, ಈಗಿನ ಅರಿಜೋನಾದ ಗಿಲಾ ನದಿಯ ಬಳಿ ಅಲ್ಲಿನ ಮೂಲನಿವಾಸಿಗಳು ಅವನಿಗೆ ಉಡುಗೊರೆ ಕೊಟ್ಟರು. ನೋಡಿದರೆ ಅದೇ ನೀಲಿ ಚಿಪ್ಪು. ಮರುವರ್ಷ ಅಂಥ ಚಿಪ್ಪುಗಳ ಸರ ಕಟ್ಟಿದ ಶಿಲುಬೆಯೊಂದು ಅವನಿಗೆ ಬಂತು. ಆಗ ಅವನ ತಲೆಯಲ್ಲಿ ಪ್ರಶ್ನೆ ಎದ್ದಿತು. ದೋಣಿ ಕಟ್ಟಿ ಕಡಲು ದಾಟುವ ಜನ ಇವರಲ್ಲ. ಹಾಗಿದ್ದರೆ ಹೊರಕಡಲಿನ ಚಿಪ್ಪು ಇಲ್ಲಿಗೆ ಹೇಗೆ ಬಂತು? ಆ ಸೀಮೆಯ ಮುಖಂಡರನ್ನು ಕೂಡಿಸಿ ವಿಚಾರಿಸಿದ. ಚಿಪ್ಪು ಕೈಯಿಂದ ಕೈಗೆ ನೆಲದ ದಾರಿಯಲ್ಲೇ ಬಂದಿತ್ತು.

ಇದು ಅವನಿಗೆ ಬರೀ ಕುತೂಹಲದ ವಿಷಯವಾಗಿರಲಿಲ್ಲ. ಕೊಲ್ಲಿಯ ಆಚೆ ಲೊರೆಟೊದಲ್ಲಿ ಅವನ ಗೆಳೆಯ ಸಾಲ್ವಾತಿಯೆರಾ 1697ರಲ್ಲಿ ಕಟ್ಟಿದ ಮಠದವರು ಬಂಜರು ನೆಲದಲ್ಲಿ ಹಸಿವಿನಿಂದ ಕಂಗೆಟ್ಟಿದ್ದರು. ಕೀನೊನ ಬಳಿ ದನಗಳಿದ್ದವು, ಧಾನ್ಯವಿತ್ತು. ಹಡಗಿಗೆ ಕಾಯದೆ ನಡೆಸಿಕೊಂಡು ಹೋಗುವ ದಾರಿ ಬೇಕಿತ್ತು. ಆಮ್‌ಸ್ಟರ್‌ಡ್ಯಾಮಿನ ಗ್ರಾಹಕನಿಗೆ ಗೋಡೆಯ ಮೇಲಿನ ಚಂದವಾಗಿದ್ದ ಆ ಬಣ್ಣದ ಜಲಸಂಧಿ ಇಲ್ಲಿ ಜನರ ಅನ್ನಕ್ಕೆ ಅಡ್ಡ ನಿಂತಿತ್ತು.

1701ರ ನವೆಂಬರಿನಲ್ಲಿ ಕೀನೊ ಕೊಲೊರಾಡೊ ನದಿಯನ್ನು ದಾಟಿದ. ಸ್ಥಳೀಯರು ಮರದ ತೆಪ್ಪ ಕಟ್ಟಿ, ಪಾದ್ರಿಯ ಕಾಲು ನೆನೆಯದಂತೆ ಅದರ ಮೇಲೆ ದೊಡ್ಡ ಬುಟ್ಟಿಯೊಂದನ್ನು ಇಟ್ಟು, ಅವನನ್ನು ಅದರಲ್ಲಿ ಕೂರಿಸಿ, ತಾವು ಈಜುತ್ತ ತಳ್ಳಿಕೊಂಡು ಹೋದರು. ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದ ನಮಗೆ ಆ ಚಿತ್ರ ಕಣ್ಣಿಗೆ ಕಟ್ಟಲು ಕಷ್ಟವಿಲ್ಲ. ಅವನು ಬರೆದ 'ಕ್ಯಾಲಿಫೋರ್ನಿಯಾಕ್ಕೆ ನೆಲದ ದಾರಿ' ಎಂಬ ನಕ್ಷೆ 1705ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು.

ಅದು ಅಚ್ಚಾಗುವ ಮೊದಲು, 1702ರ ಮಾರ್ಚಿನಲ್ಲಿ, ಅವನು ಇನ್ನೊಮ್ಮೆ ಹೋದ. ಜೊತೆಗೆ ಮಾನುವೆಲ್ ಗೊನ್ಸಾಲೆಸ್ ಎಂಬ ಇನ್ನೊಬ್ಬ ಪಾದ್ರಿ ಇದ್ದ. ಆತ ಆಗಲೇ ಕಾಯಿಲೆ ಬಿದ್ದಿದ್ದ. ಹಿಂದಿರುಗುವ ದಾರಿಯಲ್ಲಿ ತೀರಿಕೊಂಡ. ಇಬ್ಬರೂ ಕೊಲೊರಾಡೊ ನದಿ ಕಡಲು ಸೇರುವ ಕೆಸರು ಬಯಲಿಗೆ ಇಳಿದು ರಾತ್ರಿ ಅಲ್ಲೇ ತಂಗಿದರು. ವಿಂಗ್‌ಬೂನ್ಸ್‌ನ ಹಾಳೆಯ ಪ್ರಕಾರ ಆ ಕೊಲ್ಲಿ ಅಲ್ಲಿ ನಿಲ್ಲದೆ ಉತ್ತರಕ್ಕೆ ಸಾಗಿ ಶಾಂತಸಾಗರಕ್ಕೆ ತೆರೆದುಕೊಳ್ಳಬೇಕಿತ್ತು, ಇತ್ತಲಿಂದ ಅತ್ತ ಹೋಗಲು ಹಡಗು ಬೇಕಿತ್ತು. ಬೆಳಗಾಯಿತು. ನೆಲದ ಮೇಲೆ ನಡೆದೇ ಬಂದು ಒಣ ಕಾಲಿನಲ್ಲಿ ನಿಂತಿದ್ದ ಕೀನೊನ ಎದುರಿಗೆ, ಪೂರ್ವದಲ್ಲಿ, ಕೊಲ್ಲಿಯ ನೀರಿನ ಮೇಲಿನಿಂದ ಸೂರ್ಯ ಮೇಲೆ ಬಂದ.